ನಡಿಗೆ, ಕ್ಯಾಮೆರಾ, ಪುಸ್ತಕ: ಮೂರೂ ಇದ್ದು ಮನಸ್ಸು ಮಾತ್ರ ನಿಲ್ಲುತ್ತಿಲ್ಲ

ಪುಟದಂಚು · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ನೀವು ಬರೆದದ್ದನ್ನು ಓದಿಕೊಂಡು ಸುಮ್ನೆ ಇದ್ದೆ. ಇವತ್ತು ಕೇಳಿಯೇ ಬಿಡೋಣ ಅನ್ನಿಸಿತು.

ಎರಡು ವರ್ಷದ ಹಿಂದೆ ಕೆಲಸದ ಒತ್ತಡಕ್ಕೆ ನಿದ್ದೆ ಕೆಟ್ಟಿತ್ತು. ಆಗ ಮೂರು ಅಭ್ಯಾಸ ಹಚ್ಚಿಕೊಂಡೆ. ಬೆಳಿಗ್ಗೆ ನಡಿಗೆ. ಹೋಗುವಾಗ ಕೈಯಲ್ಲೊಂದು ಕ್ಯಾಮೆರಾ. ರಾತ್ರಿ ಮಲಗುವ ಮುಂಚೆ ಪುಸ್ತಕ. ಮೊದಲ ಆರು ತಿಂಗಳು ಎಷ್ಟು ಹಾಯಾಗಿತ್ತು ಅಂದರೆ, ಸಿಕ್ಕಸಿಕ್ಕವರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಆಮೇಲೆ ಅದು ಯಾವಾಗ ಕೈತಪ್ಪಿತೋ ಗೊತ್ತಾಗಲೇ ಇಲ್ಲ.

ಈಗ ನಡಿಗೆ ಅಂದರೆ ಹೆಜ್ಜೆ ಲೆಕ್ಕ. 10,000 ಆಗದಿದ್ದರೆ ರಾತ್ರಿ ಸೋಫಾ ಸುತ್ತ ಗಿರಕಿ ಹೊಡೆಯುತ್ತೇನೆ. ಫೋಟೋಗಳು 14,000 ದಾಟಿವೆ, ತಿರುಗಿ ನೋಡಿದ್ದು ನೂರೂ ಇರಲಿಕ್ಕಿಲ್ಲ. ಪುಸ್ತಕಕ್ಕೆ ವರ್ಷಕ್ಕೆ 50 ಅಂತ ಗುರಿ ಹಾಕಿಕೊಂಡಿದ್ದೆ. ಕೊನೆಯ ತಿಂಗಳಲ್ಲಿ ತೆಳ್ಳಗಿರುವವನ್ನೇ ಆರಿಸಿ ಓದಿ ಲೆಕ್ಕ ತುಂಬಿಸಿದೆ. ನಗಬೇಡಿ. ಅವುಗಳಲ್ಲಿ ಅರ್ಧದ ಕಥೆ ಕೇಳಿದರೆ ಈಗ ಹೇಳಲು ಬರುವುದಿಲ್ಲ.

ಮೊನ್ನೆ ಆದದ್ದು ಹೇಳುತ್ತೇನೆ. ನೀರಿನ ಅಂಚಿನಲ್ಲಿ ಒಂದು ಒಣ ಕೊಂಬೆ. ಅದರ ಮೇಲೆ ಮಿಂಚುಳ್ಳಿ. ಹೆಜ್ಜೆ ಹೆಜ್ಜೆಗೂ ನಿಂತು ನಿಂತು, ಇಪ್ಪತ್ತು ನಿಮಿಷದಲ್ಲಿ ಸಾಕಷ್ಟು ಹತ್ತಿರ ಹೋದೆ. ಟಕಟಕ ಅಂತ ಮೂವತ್ತು ಫೋಟೋ ತೆಗೆದೆ. ಸರಿಯಾಗಿ ಬಂತಾ ಅಂತ ಕ್ಯಾಮೆರಾದ ಹಿಂದಿನ ಪರದೆಗೆ ಕಣ್ಣು ಹಾಕಿದೆ. ಅಷ್ಟರಲ್ಲಿ 'ಗುಳುಂ' ಅಂತ ಸದ್ದು. ತಲೆ ಎತ್ತಿದರೆ ಕೊಂಬೆ ಖಾಲಿ. ನೀರಿನ ಮೇಲೆ ಉಂಗುರಗಳು ಅಗಲವಾಗುತ್ತಿದ್ದವು. ಹಕ್ಕಿ ನೀರಿಗೆ ಬೀಳುವುದನ್ನು ನೋಡಬೇಕು ಅಂತಲೇ ಅಷ್ಟು ಹೊತ್ತು ಕಾದವಳು, ಅದು ಬೀಳುವಾಗ ಅದರ ಫೋಟೋ ನೋಡುತ್ತಾ ನಿಂತಿದ್ದೆ.

ಮೂರನ್ನೂ ಸ್ವಲ್ಪ ದಿನ ಬಿಟ್ಟುಬಿಡಲಾ? ನಿಮಗೆ ಯಾರಿಗಾದರೂ ಹೀಗೆ ಆಗಿದೆಯಾ?


ಅರೆನಿದ್ದೆ · ಸೋಮವಾರ ರಾತ್ರಿ 9:52

ಸೋಫಾ ಸುತ್ತ ಗಿರಕಿ ಹೊಡೆಯುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಜೊತೆ ಸಿಕ್ಕಿತು, ಸಮಾಧಾನ.


ಸಂದೇಹಿ · ಸೋಮವಾರ ರಾತ್ರಿ 10:15

ಮೊದಲು ಸೋಫಾಗೆ ಬಿಡುಗಡೆ ಕೊಡೋಣ. ಆ 10,000 ವೈದ್ಯರು ಕೂತು ಲೆಕ್ಕ ಹಾಕಿ ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರು 'ಮಾಂಪೋಕೆ'. ಅರ್ಥವೇ '10,000 ಹೆಜ್ಜೆಯ ಮೀಟರು'. ನೆನಪಿಡಲು ಸುಲಭವಾದ ಸಂಖ್ಯೆ, ಹಾಗೇ ಉಳಿದುಕೊಂಡಿತು. ನಡೆಯುವುದು ಒಳ್ಳೆಯದೇ. 9,400ಕ್ಕೆ ನಿಂತರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಇನ್ನು ಫೋಟೋ. 2014ರಲ್ಲಿ ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ಪ್ರಯೋಗ ಪ್ರಕಟಿಸಿದರು. ಜನರನ್ನು ಒಂದು ಕಲಾ ಸಂಗ್ರಹಾಲಯದಲ್ಲಿ ಸುತ್ತಾಡಿಸಿ, ಕೆಲವು ವಸ್ತುಗಳ ಫೋಟೋ ತೆಗೆಯಿರಿ, ಕೆಲವನ್ನು ಬರೀ ನೋಡಿ ಅಂತ ಹೇಳಿದ್ದರು. ಮಾರನೆಯ ದಿನ ಕೇಳಿದಾಗ, ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. ಕ್ಯಾಮೆರಾ ನೋಡಿಕೊಳ್ಳುತ್ತದೆ ಅಂತ ಮನಸ್ಸು ಜವಾಬ್ದಾರಿ ಬಿಟ್ಟುಬಿಡುತ್ತದೆ ಅನ್ನೋಣ. ಇದನ್ನು ಹೇಳಿ 'ಕ್ಯಾಮೆರಾ ಬಿಸಾಕಿ' ಅನ್ನುವವರು ಬಹಳ ಜನ. ಆದರೆ ಅದೇ ಪ್ರಯೋಗದ ಇನ್ನೊಂದು ಭಾಗವನ್ನು ಯಾರೂ ಹೇಳುವುದಿಲ್ಲ. ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದವರಿಗೆ ಮರೆವು ಬರಲಿಲ್ಲ. ಝೂಮ್ ಮಾಡದೆ ಬಿಟ್ಟ ಭಾಗವೂ ನೆನಪಿತ್ತು.

ಅಂದರೆ ತಪ್ಪು ಕ್ಯಾಮೆರಾದ್ದಲ್ಲ. ಟಕಟಕ ಅಂತ ಮೂವತ್ತು ತೆಗೆದಿರಲ್ಲ, ಅದರದ್ದು.


ಮೂವತ್ತಾರು · ಮಂಗಳವಾರ ಬೆಳಿಗ್ಗೆ 6:30

ನಾನು ಹಳಬ. ರೀಲ್ ಕ್ಯಾಮೆರಾದಲ್ಲಿ ಕಲಿತವನು. ಒಂದು ರೀಲಿಗೆ 36 ಫ್ರೇಮ್. ಮುಗಿದರೆ ಮುಗಿಯಿತು. ತೊಳೆಸಿ ಬರುವವರೆಗೆ ಏನು ಬಂದಿದೆ ಅಂತ ಗೊತ್ತಿಲ್ಲ. ಹಾಗಾಗಿ ಒಂದು ಒತ್ತುವ ಮುಂಚೆ ಹತ್ತು ಸಲ ಯೋಚನೆ. ಎಷ್ಟೋ ಸಲ ಯೋಚನೆ ಮುಗಿಯುವಷ್ಟರಲ್ಲಿ ಬೆಳಕು ಹೋಗಿರುತ್ತಿತ್ತು. ಆ ಕಾಲವೇ ಚಂದ ಅಂತ ಹಾಡಲು ಬಂದಿಲ್ಲ. ಎಷ್ಟು ಒಳ್ಳೆಯ ಚಿತ್ರ ತಪ್ಪಿಸಿಕೊಂಡಿದ್ದೇನೆ ಅಂತ ನನಗೆ ಗೊತ್ತು.

ತೆಗೆದ ತಕ್ಷಣ ಪರದೆ ನೋಡುವ ಚಟಕ್ಕೆ ಫೋಟೋ ತೆಗೆಯುವವರು 'ಚಿಂಪಿಂಗ್' ಅನ್ನುತ್ತಾರೆ. ಪರದೆ ನೋಡಿ 'ಊ... ಊ...' ಅಂತ ಚಿಂಪಾಂಜಿ ಹಾಗೆ ಸದ್ದು ಮಾಡುತ್ತೇವಲ್ಲ, ಅದಕ್ಕೆ. ನಿಮ್ಮದೊಬ್ಬರದ್ದೇ ರೋಗ ಅಲ್ಲ ತಾಯಿ.

ನಾನು ಮಾಡಿಕೊಂಡ ಮದ್ದು ಹೇಳುತ್ತೇನೆ. ಡಿಜಿಟಲ್ ಕ್ಯಾಮೆರಾದ ಹಿಂದಿನ ಪರದೆಗೆ ಒಂದು ರಟ್ಟು ಕತ್ತರಿಸಿ ಅಂಟಿಸಿದೆ. ವ್ಯೂಫೈಂಡರ್‌ನಲ್ಲಿ ಮಾತ್ರ ನೋಡುವುದು. ತೆಗೆದ ಮೇಲೆ ಚಿತ್ರ ತೋರಿಸುವುದನ್ನು ಸೆಟ್ಟಿಂಗ್‌ನಲ್ಲೇ ಆಫ್ ಮಾಡಿದೆ. ವಾರಕ್ಕೆ 36 ಮಾತ್ರ. ಭಾನುವಾರದ ತನಕ ನೋಡುವಂತಿಲ್ಲ. ಮೊದಲ ವಾರ ಕೈ ತುರಿಸುತ್ತಿತ್ತು. ಎರಡನೆಯ ವಾರ 36ರಲ್ಲಿ 11 ಉಳಿದವು. ಬೇಕಂತಲೇ ಉಳಿಸಿದ್ದಲ್ಲ, ನೋಡುತ್ತಾ ಕೂತು ಒತ್ತುವುದೇ ಮರೆತುಹೋಗಿತ್ತು.


ಪುಟದಂಚು · ಮಂಗಳವಾರ ಬೆಳಿಗ್ಗೆ 7:05

ಸರ್, ರಟ್ಟಿನ ಉಪಾಯ ಇವತ್ತೇ ಮಾಡುತ್ತೇನೆ. ಫೋನಿನಲ್ಲಿ ತೆಗೆಯುವವರು ಏನು ಮಾಡಬೇಕೋ ಪಾಪ.


ಮೂವತ್ತಾರು · ಮಂಗಳವಾರ ಬೆಳಿಗ್ಗೆ 7:11

ಫೋನಿನಲ್ಲಾದರೆ ಏರೋಪ್ಲೇನ್ ಮೋಡ್. ರಟ್ಟು ಅಂಟಿಸಬೇಡಿ.


ಒದ್ದೆಚಪ್ಪಲಿ · ಮಂಗಳವಾರ ಮಧ್ಯಾಹ್ನ 1:20

ಎಲ್ಲರೂ ಪ್ರಕೃತಿ ಪ್ರಕೃತಿ ಅನ್ನುತ್ತೀರಿ. ನಾನೂ ಹೋಗಿ ಕೂತೆ. ಸೊಳ್ಳೆ ಕಚ್ಚಿತು, ಇರುವೆ ಹತ್ತಿತು, ಶಾಂತಿ ಮಾತ್ರ ಬರಲಿಲ್ಲ. ಎಷ್ಟು ಹೊತ್ತು ಕೂತರೆ ಬರುತ್ತದೆ, ಯಾರಾದರೂ ಹೇಳಿ.


ಸಂದೇಹಿ · ಮಂಗಳವಾರ ಮಧ್ಯಾಹ್ನ 2:02

ಒಂದು ಅಂಕಿ ಇದೆ, ಆದರೆ ಜೊತೆಗಿನ ಎಚ್ಚರಿಕೆಯನ್ನೂ ಓದಬೇಕು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು ಒಂದು ಅಧ್ಯಯನ ಬಂತು. ವಾರಕ್ಕೆ ಕನಿಷ್ಠ 120 ನಿಮಿಷ ಹಸಿರಿನ ನಡುವೆ ಕಳೆದವರು, ತಮ್ಮ ಆರೋಗ್ಯ ಚೆನ್ನಾಗಿದೆ, ನೆಮ್ಮದಿಯಾಗಿದ್ದೇವೆ ಅಂತ ಹೇಳುವುದು ಜಾಸ್ತಿ ಇತ್ತು. ಎರಡು ಗಂಟೆ ಒಟ್ಟಿಗೆ ಹೋದರೂ, ದಿನಾ ಇಷ್ಟಿಷ್ಟು ಅಂತ ಹಂಚಿಕೊಂಡರೂ ವ್ಯತ್ಯಾಸ ಕಾಣಲಿಲ್ಲ. ಎಚ್ಚರಿಕೆ ಏನೆಂದರೆ, ಆರೋಗ್ಯ ಚೆನ್ನಾಗಿರುವವರೇ ಹೊರಗೆ ಜಾಸ್ತಿ ಹೋಗುತ್ತಿರಬಹುದು ಅಲ್ವಾ? ಯಾವುದರಿಂದ ಯಾವುದು ಅಂತ ಅದು ಹೇಳುವುದಿಲ್ಲ.

ದಯವಿಟ್ಟು ಈಗ ಯಾರೂ 120 ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳಬೇಡಿ. ಸೋಫಾ ಕಥೆ ಮತ್ತೆ ಶುರುವಾಗುತ್ತದೆ.


ಒಂದೇಮರ · ಮಂಗಳವಾರ ರಾತ್ರಿ 8:45

ಒದ್ದೆಚಪ್ಪಲಿ ಅವರೇ, ಸೊಳ್ಳೆಗೆ ನನ್ನ ಹತ್ತಿರ ಉತ್ತರ ಇಲ್ಲ. ತುಂಬು ತೋಳಿನ ಅಂಗಿ ಹಾಕಿ. ಉಳಿದದ್ದಕ್ಕೆ ನನ್ನ ಅನುಭವ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ನನಗೂ ಮೊದಲು ಹೊಸ ಜಾಗದ ಹುಚ್ಚು ಇತ್ತು. ವಾರಕ್ಕೊಂದು ಕಡೆ ಹೋಗುವುದು, ಎಲ್ಲರೂ ನಿಂತು ತೆಗೆಯುವ ಜಾಗದಲ್ಲೇ ನಿಂತು ಫೋಟೋ ತೆಗೆದು ಬರುವುದು. ಕಾಲು ಮುರಿದು ಮೂರು ತಿಂಗಳು ಮನೆ ಹಿಡಿದಾಗ ಅದು ತಾನಾಗೇ ನಿಂತಿತು. ಊರುಗೋಲು ಹಿಡಿದು ಹೋಗಬಹುದಾದ ದೂರದಲ್ಲಿ ಇದ್ದದ್ದು ಒಂದೇ ಮರ. ಅದರ ಬುಡದಲ್ಲಿ ಒಂದು ಕಲ್ಲು. ದಿನಾ ಸಂಜೆ ಅಲ್ಲಿ ಹೋಗಿ ಕೂರುತ್ತಿದ್ದೆ. ಬೇರೆ ದಾರಿ ಇರಲಿಲ್ಲ.

ಮೊದಲ ವಾರ ಅಲ್ಲಿ ಏನೂ ಇರಲಿಲ್ಲ. ನಿಜ ಹೇಳುತ್ತಿದ್ದೇನೆ, ಒಂದು ಮರ, ಅಷ್ಟೆ. ಬೇಜಾರಿಗೆ ದಿನಾ ಒಂದು ಫೋಟೋ ತೆಗೆಯತೊಡಗಿದೆ. ಅದೇ ಕಲ್ಲು, ಅದೇ ಎತ್ತರ, ತೊಗಟೆಯ ಅದೇ ಗಂಟು ಫ್ರೇಮಿನ ನಡುವೆ. ಎರಡನೆಯ ವಾರ ಗಂಟಿನ ಪಕ್ಕದ ಸೀಳಿನಲ್ಲಿ ಇರುವೆಗಳ ಸಾಲು ಕಂಡಿತು. ಹಿಂದಿನ ಫೋಟೋ ತೆಗೆದು ನೋಡಿದರೆ ಆ ಸಾಲು ಮೊದಲ ದಿನದ ಚಿತ್ರದಲ್ಲೂ ಇದೆ! ಫೋಟೋದಲ್ಲಿ ಬಿದ್ದಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆಮೇಲೆ ಒಂದೊಂದೇ ಶುರುವಾಯಿತು. ಮಳೆ ಬಂದ ಮಾರನೆಯ ದಿನ ತೊಗಟೆ ಕಪ್ಪಾಗಿ, ಬಿಸಿಲು ಬೀಳದ ಕಡೆ ಪಾಚಿ ಉಬ್ಬಿಕೊಂಡಿತ್ತು. ಒಂದು ಬಸವನಹುಳು ಹರಿದುಹೋದ ಬೆಳ್ಳಿಯ ಗೆರೆ ನೆಲದಿಂದ ಗಂಟಿನ ತನಕ ಬಂದು ಅಲ್ಲೇ ನಿಂತುಹೋಗಿತ್ತು. ಹುಳು ಎಲ್ಲಿ ಹೋಯಿತು? ಗಂಟಿನ ಹಿಂದೆ ಬೆರಳು ತೂರುವಷ್ಟು ಒಂದು ತೂತಿತ್ತು, ಅದರೊಳಗೆ ಬಾಗಿಲು ಮುಚ್ಚಿಕೊಂಡು ಕೂತಿತ್ತು. ಅದನ್ನು ಕಂಡುಹಿಡಿದ ದಿನ ಮನೆಗೆ ಬಂದು ಎಲ್ಲರಿಗೂ ಹೇಳಿದೆ. ಯಾರಿಗೂ ಅಂಥ ದೊಡ್ಡ ಸುದ್ದಿ ಅನ್ನಿಸಲಿಲ್ಲ ಬಿಡಿ.

ಕಾಲು ಸರಿಹೋಗಿ ನಾಲ್ಕು ವರ್ಷವಾಯಿತು. ಈಗಲೂ ಅದೇ ಕಲ್ಲಿನ ಮೇಲೆ ಕೂರುತ್ತೇನೆ. ಹೊಸ ಜಾಗಕ್ಕೆ ಹೋದರೆ ಕಣ್ಣು ದೊಡ್ಡದನ್ನೇ ಹುಡುಕುತ್ತದೆ, ಬೆಟ್ಟ, ಜಲಪಾತ, ಸೂರ್ಯಾಸ್ತ. ಹೋದ ಜಾಗಕ್ಕೇ ಮತ್ತೆ ಹೋದರೆ ದೊಡ್ಡದು ಮೊದಲೇ ಗೊತ್ತಿರುತ್ತದಲ್ಲ, ಹಾಗಾಗಿ ಕಣ್ಣು ಸಣ್ಣದರ ಕಡೆ ಇಳಿಯುತ್ತದೆ. ಪುಟದಂಚು ಅವರೇ, ನಿಮ್ಮ ಮಿಂಚುಳ್ಳಿ ಅದೇ ಕೊಂಬೆಗೆ ಮತ್ತೆ ಬರುತ್ತದೆ. ಅವಕ್ಕೆ ಮೆಚ್ಚಿನ ಕೊಂಬೆಗಳಿರುತ್ತವೆ. ನೀವೂ ಅಲ್ಲಿಗೇ ಹೋಗಿ.


ಇಬ್ಬನಿ · ಮಂಗಳವಾರ ರಾತ್ರಿ 9:30

ಬಸವನಹುಳು ದೊಡ್ಡ ಸುದ್ದಿಯೇ ಸರ್. ನಮ್ಮ ಮನೆಯಲ್ಲಿ ಹೇಳಿದ್ದರೆ ಎಲ್ಲರೂ ಟಾರ್ಚ್ ಹಿಡಿದು ಓಡುತ್ತಿದ್ದೆವು.


ಕಿಟಕಿ · ಬುಧವಾರ ನಸುಕು 3:15

ನಿಮ್ಮ ಮಾತೆಲ್ಲ ಓದಲು ಚಂದ. ಆದರೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ, ಹೇಳಿಬಿಡುತ್ತೇನೆ. ಅಮ್ಮ ಹಾಸಿಗೆ ಹಿಡಿದು ಎಂಟು ತಿಂಗಳಾಯಿತು. ಹಗಲು ರಾತ್ರಿ ಜೊತೆಯಲ್ಲೇ ಇರಬೇಕು. ನನಗೆ ಮರವೂ ಇಲ್ಲ, ಕಲ್ಲೂ ಇಲ್ಲ. ಪುಸ್ತಕ ಹಿಡಿದರೆ ಎರಡು ಸಾಲಿಗೆ ಅಮ್ಮ ಕರೆಯುತ್ತಾರೆ. ಇರುವುದು ಒಂದು ಕಿಟಕಿ. ಅದರಾಚೆ ಎದುರು ಕಟ್ಟಡದ ತುದಿ, ಅದರ ಮೇಲೆ ಒಂದು ಚೂರು ಆಕಾಶ. ನಮ್ಮಂಥವರಿಗೆ ಏನಾದರೂ ಇದೆಯಾ?


ಒಂದೇಮರ · ಬುಧವಾರ ಬೆಳಿಗ್ಗೆ 6:10

ಅಕ್ಕ, ನಾನು ಬರೆದದ್ದು ನಿಮಗೆ ನೋವು ಮಾಡಿದ್ದರೆ ಕ್ಷಮಿಸಿ. ಕಾಲು ಮುರಿದ ಮೂರು ತಿಂಗಳಿಗೂ ನಿಮ್ಮ ಎಂಟು ತಿಂಗಳಿಗೂ ಹೋಲಿಕೆಯೇ ಇಲ್ಲ.


ಸಂದೇಹಿ · ಬುಧವಾರ ಬೆಳಿಗ್ಗೆ 8:40

ಕಿಟಕಿ ಅವರೇ, ಕಿಟಕಿಯ ಬಗ್ಗೆಯೇ ಒಂದು ಹಳೆಯ ಅಧ್ಯಯನ ಇದೆ. ರೋಜರ್ ಉಲ್ರಿಚ್ ಎಂಬವರದ್ದು, 1984ರಲ್ಲಿ ಪ್ರಕಟವಾಯಿತು. ಅಮೆರಿಕದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರ ನಡುವೆ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ಅವರು ತೆಗೆದು ನೋಡಿದರು. 23 ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, 23 ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ನೋವಿಗೆ ಕೊಡುವ ಬಲವಾದ ಔಷಧಿಯನ್ನೂ ಕಡಿಮೆ ತೆಗೆದುಕೊಂಡರು. 46 ಜನ ಅಂದರೆ ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಸಾಧ್ಯವಾದರೆ ಅಮ್ಮನ ಮಂಚವನ್ನೂ ಆ ಚೂರು ಆಕಾಶ ಕಾಣುವ ಹಾಗೆ ತಿರುಗಿಸಿ ನೋಡಿ.


ಮೂವತ್ತಾರು · ಬುಧವಾರ ಬೆಳಿಗ್ಗೆ 9:20

ನೋಡಮ್ಮ, ನಸುಕಿನ ಮೂರು ಗಂಟೆಗೆ ಎಚ್ಚರ ಇರುವವರಿಗೆ ಒಬ್ಬ ಗೆಳೆಯ ಇದ್ದಾನೆ. ಚಂದ್ರ. ಅವನು ದಿನಾ ಹೆಚ್ಚುಕಡಿಮೆ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಆದ್ದರಿಂದ ಒಂದು ರಾತ್ರಿ ಎದುರು ಕಟ್ಟಡದ ತುದಿಗೆ ಎಷ್ಟು ಹೊತ್ತಿಗೆ ಬಂದ ಅಂತ ನೋಡಿಟ್ಟರೆ, ಮಾರನೆಯ ದಿನ ಸುಮಾರಾಗಿ ಎಷ್ಟು ಹೊತ್ತಿಗೆ ಬರುತ್ತಾನೆ ಅಂತ ನೀವೇ ಹೇಳಬಹುದು. ಬರುವ ಜಾಗವೂ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಗಾಜಿನ ಮೇಲೆ ಪೆನ್ನಿನಲ್ಲಿ ಒಂದು ಚುಕ್ಕಿ ಇಡುತ್ತಾ ಹೋಗಿ.

ಫೋಟೋ ಬೇಕಾದರೆ: ಹುಣ್ಣಿಮೆ ಚಂದ್ರನಿಗೆ ಲೆನ್ಸಿನ ಕಿಂಡಿ ಎಫ್ 11, ಬೆಳಕು ಹಿಡಿಯುವ ಸೂಕ್ಷ್ಮತೆ ಐಎಸ್‌ಒ 100, ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/100 ಪಾಲು. ರಾತ್ರಿ ಅಂತ ಕ್ಯಾಮೆರಾ ಜಾಸ್ತಿ ಬೆಳಕು ತೆಗೆದುಕೊಂಡು ಚಂದ್ರನನ್ನು ಬಿಳಿ ಚೆಂಡು ಮಾಡಿಬಿಡುತ್ತದೆ. ಅವನು ಬಿಸಿಲಲ್ಲಿ ಕೂತಿದ್ದಾನೆ, ಅದನ್ನು ಮರೆಯಬಾರದು. ಫೋನಿನಲ್ಲಾದರೆ ಚಂದ್ರನ ಮೇಲೆ ಬೆರಳಿಟ್ಟು, ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ. ಕಲೆಗಳು ಕಾಣುತ್ತವೆ.


ದನಿ · ಬುಧವಾರ ಸಂಜೆ 5:50

ಎರಡು ಸಾಲಿಗೆ ಅಮ್ಮ ಕರೆಯುತ್ತಾರೆ ಅಂದಿರಲ್ಲ. ಹಾಗಾದರೆ ಅಮ್ಮನಿಗೇ ಓದಿ ಹೇಳಿ. ಇದನ್ನು ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ನಮ್ಮ ತಂದೆಯ ಕೊನೆಯ ವರ್ಷ ನಾನು ಮಾಡಿದ್ದು ಅದನ್ನೇ.

ಗಟ್ಟಿಯಾಗಿ ಓದಿದರೆ ವೇಗ ತಾನಾಗೇ ಬೀಳುತ್ತದೆ. ಕಣ್ಣು ಹಾರಿಸಿಕೊಂಡು ಹೋಗುವ ಸಾಲನ್ನು ನಾಲಿಗೆ ಹಾರಿಸಲಾರದು. ಒಂದು ಪುಟಕ್ಕೆ ಮೂರು ನಿಮಿಷ. ಹಳೆಯ ಕಾಲದಲ್ಲಿ ಬಾಯಿ ಆಡಿಸದೆ ಓದುವುದೇ ಅಪರೂಪವಾಗಿತ್ತೇನೋ. 4ನೇ ಶತಮಾನದಲ್ಲಿ ಅಂಬ್ರೋಸ್ ಎಂಬ ಬಿಷಪ್ ತುಟಿ ಅಲ್ಲಾಡಿಸದೆ ಓದುವುದನ್ನು ಕಂಡು, ಯಾಕೆ ಹೀಗೆ ಓದುತ್ತಿರಬಹುದು ಅಂತ ಯೋಚಿಸಿ ಆಗಸ್ಟೀನ್ ಎಂಬ ಕ್ರೈಸ್ತ ಚಿಂತಕ ಬರೆದಿಟ್ಟಿದ್ದಾನೆ. ಗಂಟಲು ಉಳಿಸಿಕೊಳ್ಳಲು ಇರಬಹುದು ಅನ್ನುವುದು ಅವನ ಒಂದು ಊಹೆ.

ತಂದೆಗೆ ಹೊಸ ಕಥೆ ಬೇಡ ಅನ್ನಿಸುತ್ತಿತ್ತು. ಅದೇ ಪುಸ್ತಕ ಮುಗಿಸಿ ಮತ್ತೆ ಮೊದಲಿಂದ. ನನಗೆ ಮೊದಮೊದಲು ತಲೆಚಿಟ್ಟು. ಮೂರನೆಯ ಸುತ್ತಿಗೆ ಒಂದು ವಿಚಿತ್ರ ಆಯಿತು. ಕಥೆಯಲ್ಲಿ ಒಂದು ಮುದುಕಿ ಬಾಗಿಲು ತೆರೆದು ಒಂದೇ ಮಾತು ಹೇಳಿ ಒಳಗೆ ಹೋಗುತ್ತಾಳೆ. ಎರಡು ಸಲ ಅದನ್ನು ದಾಟಿಕೊಂಡು ಹೋಗಿದ್ದೆ. ಮೂರನೆಯ ಸಲ ಓದುವಾಗ ಗಂಟಲು ಕಟ್ಟಿತು. ಮುಂದೆ ಏನಾಗುತ್ತದೆ ಅಂತ ಅವಳಿಗೆ ಆಗಲೇ ಗೊತ್ತಿತ್ತು! ತಂದೆ ಕಣ್ಣು ಮುಚ್ಚಿಕೊಂಡೇ 'ಈಗ ಸಿಕ್ಕಿತಾ' ಅಂದರು.

ಪುಟದಂಚು ಅವರೇ, ಆ 50ರ ಪಟ್ಟಿ ಹರಿದುಹಾಕಿ. ಮೊದಲು ಓದಿ ಇಷ್ಟಪಟ್ಟ ಒಂದನ್ನೇ ಮತ್ತೆ ತೆಗೆಯಿರಿ. ಒಂದೇಮರ ಅವರ ಮರದ ಹಾಗೇ ಇದೂ. ಕಥೆ ಗೊತ್ತಿದ್ದರೆ ಕಣ್ಣು ಸಣ್ಣದರ ಕಡೆ ಇಳಿಯುತ್ತದೆ.


ಓಟಗಾರ · ಬುಧವಾರ ರಾತ್ರಿ 8:15

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಓದದೆ ಉಳಿದ ಪುಸ್ತಕಗಳೇ ಅಷ್ಟಿವೆ. ಇರುವುದು ಒಂದು ಆಯಸ್ಸು. ಓದಿದ್ದನ್ನೇ ಓದುತ್ತಾ ಕೂತರೆ ಉಳಿದದ್ದು ಯಾವಾಗ? ನನಗೆ ಪಟ್ಟಿಯಿಂದಲೇ ಖುಷಿ. ಗುರಿ ಇಲ್ಲದಿದ್ದರೆ ನಾನು ಫೋನ್ ಹಿಡಿದು ಮಲಗಿಬಿಡುತ್ತೇನೆ. ನಡಿಗೆಯೂ ಅಷ್ಟೆ, ಎಣಿಸದಿದ್ದರೆ ಹೋಗುವುದೇ ಇಲ್ಲ.


ದನಿ · ಬುಧವಾರ ರಾತ್ರಿ 8:31

ನಿಮಗೆ ಖುಷಿ ಇದೆಯಲ್ಲ, ಹಾಗಾದರೆ ಬಿಡಬೇಡಿ. ಪ್ರಶ್ನೆ ಕೇಳಿದವರಿಗೆ ಖುಷಿ ಹೋಗಿದೆ, ಅದಕ್ಕೆ ಹೇಳಿದೆ.


ಇಬ್ಬನಿ · ಗುರುವಾರ ಬೆಳಿಗ್ಗೆ 7:45

ನಾನು ಮ್ಯಾಕ್ರೋ ಹುಚ್ಚಿನವಳು, ಅಂದರೆ ಸಣ್ಣದನ್ನು ತೀರಾ ಹತ್ತಿರದಿಂದ ತೆಗೆಯುವವಳು. ಹುಳ, ಹನಿ, ಜೇಡನ ಬಲೆ. ಇಲ್ಲಿ ಶಾಂತಿ ಅಂತ ಪ್ರತ್ಯೇಕ ಹುಡುಕಬೇಕಾಗಿಲ್ಲ, ಕೆಲಸವೇ ಬಲವಂತವಾಗಿ ತಣ್ಣಗೆ ಮಾಡುತ್ತದೆ. ಹೇಗೆ ಅಂತ ಹೇಳುತ್ತೇನೆ.

ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಹುಲ್ಲು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಗಾಳಿಯಲ್ಲಿನ ತೇವ ಅದರ ಮೇಲೆ ಹನಿಗಟ್ಟುತ್ತದೆ. ಮೋಡ ಇದ್ದರೆ ಕಂಬಳಿ ಹೊದೆಸಿದ ಹಾಗೆ, ಇಬ್ಬನಿ ಸರಿಯಾಗಿ ಬೀಳುವುದಿಲ್ಲ. ಹಾಗಾಗಿ ರಾತ್ರಿ ನಕ್ಷತ್ರ ಚೆನ್ನಾಗಿ ಕಂಡರೆ ಬೆಳಿಗ್ಗೆ ಬೇಗ ಏಳುತ್ತೇನೆ. ಬಿಸಿಲು ಏರಿದ ಅರ್ಧ ಗಂಟೆಗೆ ಎಲ್ಲ ಮಾಯ.

ಹುಲ್ಲಿನ ಮೇಲೆ ಹೊಟ್ಟೆ ಹಾಕಿ ಮಲಗುವುದು. ಬಟ್ಟೆ ಒದ್ದೆ ಆಗುತ್ತದೆ, ಆಗಲಿ. ಒಂದು ಹನಿಗೆ ಅಷ್ಟು ಹತ್ತಿರ ಹೋದಾಗ ಚಿತ್ರದಲ್ಲಿ ಸ್ಪಷ್ಟವಾಗಿ ಬರುವ ಆಳ ಒಂದೆರಡು ಮಿಲಿಮೀಟರ್, ಕೆಲವು ಸಲ ಅಷ್ಟೂ ಇಲ್ಲ. ನೀವು ಉಸಿರು ತೆಗೆದುಕೊಂಡರೆ ಸಾಕು, ಫೋಕಸ್ ಹೋಗುತ್ತದೆ. ಆದ್ದರಿಂದ ಉಸಿರನ್ನು ನಿಧಾನಕ್ಕೆ ಪೂರ್ತಿ ಬಿಡಬೇಕು. ಬಿಟ್ಟ ಮೇಲೆ, ಮುಂದಿನದನ್ನು ಎಳೆದುಕೊಳ್ಳುವ ಮುಂಚೆ, ಒಂದು ಚಿಕ್ಕ ಬಿಡುವು ಇರುತ್ತದೆ ನೋಡಿ. ಅಲ್ಲಿ ಒತ್ತಬೇಕು. ಹೀಗೆ ಇಪ್ಪತ್ತು ಸಲ ಮಾಡಿದ ಮೇಲೆ ಬೆಳಿಗ್ಗೆ ಯಾರ ಮೇಲೆ ಸಿಟ್ಟು ಬಂದಿತ್ತು ಅಂತ ನೆನಪೇ ಆಗುವುದಿಲ್ಲ.

ಹನಿಯೊಳಗೆ ನೋಡಿದ್ದೀರಾ? ಹಿಂದೆ ಇರುವ ಹೂವು, ಮರ, ಆಕಾಶ ಎಲ್ಲವೂ ಅದರೊಳಗೆ ತಲೆಕೆಳಗಾಗಿ ಕೂತಿರುತ್ತವೆ. ಹನಿಯೇ ಒಂದು ಲೆನ್ಸ್. ಫೋಕಸ್ ಹನಿಯ ಅಂಚಿಗೆ ಅಲ್ಲ, ಒಳಗಿನ ಆ ಪುಟ್ಟ ಚಿತ್ರಕ್ಕೆ ಇಡಿ. ಇದಕ್ಕೆ ಕ್ಯಾಮೆರಾ ಇಲ್ಲದಿದ್ದರೂ ನಡೆಯುತ್ತದೆ, ಒಂದು ಭೂತಗನ್ನಡಿ ಸಾಕು. ಕಿಟಕಿ ಅಕ್ಕ, ಮಳೆ ಬಂದಾಗ ನಿಮ್ಮ ಗಾಜಿನ ಮೇಲಿನ ಹನಿಗಳನ್ನು ನೋಡಿ. ಪ್ರತಿಯೊಂದರಲ್ಲೂ ಆ ಎದುರು ಕಟ್ಟಡ ತಲೆ ಕೆಳಗಾಗಿ ನಿಂತಿರುತ್ತದೆ.


ಕೊಂಬೆ · ಗುರುವಾರ ಮಧ್ಯಾಹ್ನ 12:30

ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದೀರಿ. ನಾನೊಂದು ಕೆಟ್ಟದ್ದು ಹೇಳಬೇಕು, ಯಾರಿಗಾದರೂ ಉಪಯೋಗಕ್ಕೆ ಬರಲಿ.

ಹಕ್ಕಿ ಫೋಟೋಗಳ ಹುಚ್ಚು ತಲೆಗೇರಿದ್ದ ಕಾಲ. ಒಂದು ಪೊದೆಯಲ್ಲಿ ಗೂಡು ಸಿಕ್ಕಿತು, ಮೂರು ಮರಿ. ಮುಂದೆ ಎಲೆಗಳು ಅಡ್ಡ ಬರುತ್ತಿದ್ದವು. ಒಂದು ಸಣ್ಣ ರೆಂಬೆ ಮುರಿದು ಬದಿಗಿಟ್ಟೆ. ಚಿತ್ರ ಅದ್ಭುತವಾಗಿ ಬಂತು, ಎಲ್ಲ ಕಡೆ ಹಾಕಿದೆ, ಹೊಗಳಿಕೆಯೋ ಹೊಗಳಿಕೆ. ಮಾರನೆಯ ದಿನ ಹೋದರೆ ಗೂಡು ಖಾಲಿ. ಮೇಲಿನ ಮರದಲ್ಲಿ ಕಾಗೆ ಕೂತಿತ್ತು. ಆ ರೆಂಬೆ ಇದ್ದದ್ದೇ ಕಾಗೆಯ ಕಣ್ಣಿಗೆ ಬೀಳದಿರಲಿ ಅಂತ. ಬಿಸಿಲಿಗೂ ಅದೇ ಮರೆ. ನಾನು ಅದನ್ನೇ ತೆಗೆದಿದ್ದೆ.

ಆ ಫೋಟೋ ಅಳಿಸಿದೆ. ಈಗ ಗೂಡು ಕಂಡರೆ ಕ್ಯಾಮೆರಾ ಚೀಲದೊಳಗೆ ಹೋಗುತ್ತದೆ. ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿ ಕರೆಯುವುದೂ ಬೇಡ. ಇನ್ನೊಂದು ಹಕ್ಕಿ ತನ್ನ ಜಾಗಕ್ಕೆ ನುಗ್ಗಿದೆ ಅಂದುಕೊಂಡು ಹೊಟ್ಟೆ ತುಂಬಿಸಿಕೊಳ್ಳುವ ಹೊತ್ತಲ್ಲಿ ಜಗಳಕ್ಕೆ ಬರುತ್ತದೆ. ಅಪರೂಪದ ಹಕ್ಕಿಯ ಚಿತ್ರ ಹಾಕುವಾಗ ಜಾಗದ ಗುರುತೂ ಜೊತೆಗೆ ಹೋಗುತ್ತದಾ ಅಂತ ಫೋನಿನ ಸೆಟ್ಟಿಂಗ್ ನೋಡಿಕೊಳ್ಳಿ.


ಸಂದೇಹಿ · ಗುರುವಾರ ಮಧ್ಯಾಹ್ನ 1:05

ಬರೆಯಲು ಧೈರ್ಯ ಬೇಕು, ಬರೆದಿದ್ದೀರಿ.

'ಎಲ್ಲ ಕಡೆ ಹಾಕಿದೆ' ಅಂದದ್ದು ಓದಿ ಇನ್ನೊಂದು ನೆನಪಾಯಿತು. ಡೀಲ್, ಝೌಬರ್‌ಮನ್, ಬರಾಷ್ ಎಂಬ ಮೂವರು ಸಂಶೋಧಕರು 2016ರಲ್ಲಿ ಬರೆದದ್ದು: ಫೋಟೋ ತೆಗೆದವರು ಆ ಹೊತ್ತಿನಲ್ಲಿ ಹೆಚ್ಚು ಮುಳುಗಿರುತ್ತಾರೆ, ಹೆಚ್ಚು ಖುಷಿಪಡುತ್ತಾರೆ. ಅದೇ ಮೂವರು 2018ರಲ್ಲಿ ಮತ್ತೆ ಬರೆದರು. ಜಾಲತಾಣದಲ್ಲಿ ಹಾಕಲು ಅಂತ ತೆಗೆದರೆ, ತಮಗಾಗಿ ತೆಗೆದವರಷ್ಟು ಖುಷಿ ಸಿಗುವುದಿಲ್ಲ. ನೋಡುವವರು ಏನು ಅನ್ನುತ್ತಾರೋ ಅನ್ನುವ ಚಿಂತೆ ಅಲ್ಲೇ ಶುರುವಾಗಿರುತ್ತದೆ. ಪುಟದಂಚು ಅವರೇ, ನಿಮ್ಮ 14,000ದಲ್ಲಿ ಯಾರಿಗೂ ತೋರಿಸದೆ ನಿಮಗೇ ಅಂತ ತೆಗೆದದ್ದು ಎಷ್ಟು?


ಪುಟದಂಚು · ಗುರುವಾರ ರಾತ್ರಿ 10:20

ಪ್ರಶ್ನೆ ಸರಿಯಾದ ಜಾಗಕ್ಕೇ ಬಿತ್ತು ಸರ್. ಇವತ್ತು ಕೂತು ಹಳೆಯವನ್ನು ನೋಡಿದೆ. ಮೊದಲ ಆರು ತಿಂಗಳ ಫೋಟೋಗಳೆಲ್ಲ ನನಗೇ ತೆಗೆದವು. ಓರೆ, ಮಸುಕು, ಆದರೂ ಒಂದೊಂದು ನೋಡಿದಾಗ ಆ ದಿನದ ಗಾಳಿ ಹೇಗಿತ್ತು ಅಂತ ನೆನಪಿದೆ. ಒಂದು ಚಿತ್ರ ಹಾಕಿದಾಗ ಬಹಳ ಜನ ಮೆಚ್ಚಿದರು. ಅಲ್ಲಿಂದ ಮುಂದೆ ಎಲ್ಲ ಅಚ್ಚುಕಟ್ಟು. ನೆನಪು ಮಾತ್ರ ಏನೂ ಇಲ್ಲ.

ರಟ್ಟು ಅಂಟಿಸಿದ್ದೇನೆ. ಹೆಜ್ಜೆ ಎಣಿಸುವ ಕೈಪಟ್ಟಿ ಡ್ರಾಯರ್‌ನಲ್ಲಿದೆ. ನಾಳೆಯಿಂದ ಅದೇ ಕೊಂಬೆಯ ಎದುರು.


ಕಿಟಕಿ · ಶನಿವಾರ ನಸುಕು 4:02

ಗಾಜಿನ ಮೇಲೆ ಮೂರು ಚುಕ್ಕಿ ಆಗಿವೆ. ಮಂಚ ತಿರುಗಿಸಿದೆವು. ಚಂದ್ರ ಬರುವ ಹೊತ್ತಿಗೆ ಅಮ್ಮ ನನಗಿಂತ ಮುಂಚೆ ಎದ್ದಿರುತ್ತಾರೆ. 'ಇವತ್ತು ತಡ ಮಾಡಿದ' ಅಂತ ಬೈಯುತ್ತಾರೆ.


ಇಬ್ಬನಿ · ಶನಿವಾರ ಬೆಳಿಗ್ಗೆ 6:25

ಅಮ್ಮನಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ ಅಕ್ಕ.


ಪುಟದಂಚು · ಮುಂದಿನ ಗುರುವಾರ ಬೆಳಿಗ್ಗೆ 8:50

ಆರು ದಿನದ ವರದಿ. ಮೊದಲ ಎರಡು ದಿನ ಹಕ್ಕಿಯೇ ಬರಲಿಲ್ಲ. ಮೂರನೆಯ ದಿನ ಬಂತು, ನಾನು ಕೆಮ್ಮಿದೆ, ಹೋಯಿತು. ಜೊತೆಗೆ ಹಳೆಯ ಪುಸ್ತಕ ಒಯ್ದಿದ್ದೆ, ಬಾರದಿದ್ದಾಗ ಓದಿಕೊಂಡು ಕೂತೆ. ದನಿ ಅವರೇ, ಆರು ದಿನಕ್ಕೆ 40 ಪುಟ. ಇಷ್ಟು ನಿಧಾನಕ್ಕೆ ಯಾವತ್ತೂ ಓದಿಲ್ಲ.

ಇವತ್ತು ಬೆಳಿಗ್ಗೆ ಪುಟ ತಿರುಗಿಸುವಾಗ ಬಂದು ಕೂತಿತು. ಕುತ್ತಿಗೆ ಮೇಲೆ ಕೆಳಗೆ ಆಡಿಸಿ ಮೀನಿನ ದೂರ ಅಳೆಯಿತು. ಒಮ್ಮೆಲೆ ಕಲ್ಲು ಬಿದ್ದ ಹಾಗೆ ನೀರಿಗೆ ಬಿದ್ದು, ಮೀನು ಕಚ್ಚಿಕೊಂಡು ಅದೇ ಕೊಂಬೆಗೆ ಬಂತು. ನಾನು ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ. ಮೀನನ್ನು ಕೊಂಬೆಗೆ ಬಡಿಯತೊಡಗಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಚಟ್ ಚಟ್ ಅಂತ ಸದ್ದು ನನ್ನ ತನಕ ಕೇಳುತ್ತಿತ್ತು. ಹನ್ನೊಂದು ಸಲ. (ಎಣಿಸುವ ಚಟ ಪೂರ್ತಿ ಹೋಗಿಲ್ಲ.) ಆಮೇಲೆ ಕೊಕ್ಕಿನಲ್ಲೇ ಮೀನನ್ನು ತಿರುಗಿಸಿ, ತಲೆ ಮುಂದೆ ಮಾಡಿ ನುಂಗಿತು. ರೆಕ್ಕೆ ಒಮ್ಮೆ ಕೊಡವಿಕೊಂಡು ಹಾಯಾಗಿ ಕೂತಿತು.

ಮೂರು ಫೋಟೋ ತೆಗೆದೆ. ಹೇಗೆ ಬಂದಿವೆಯೋ, ಭಾನುವಾರ ರಟ್ಟು ತೆಗೆಯಬೇಕು.


ಮೂವತ್ತಾರು · ಗುರುವಾರ ಬೆಳಿಗ್ಗೆ 9:14

ಶಟರ್ ಎಷ್ಟಿತ್ತು? ಬಡಿಯುವಾಗ 1/2000 ಬೇಕು.


ಪುಟದಂಚು · ಗುರುವಾರ ಬೆಳಿಗ್ಗೆ 9:20

ನೋಡಲೇ ಇಲ್ಲ ಸರ್.


ಒದ್ದೆಚಪ್ಪಲಿ · ಭಾನುವಾರ ಸಂಜೆ 6:40

ಭಾನುವಾರ ಆಯಿತಲ್ಲ, ರಟ್ಟು ತೆಗೆದಿರಾ? ನಾವೆಲ್ಲ ಕಾಯುತ್ತಿದ್ದೇವೆ. ನಾನೂ ಒಂದು ಮರ ಹಿಡಿದಿದ್ದೇನೆ, ಸದ್ಯಕ್ಕೆ ಸೊಳ್ಳೆಗಳ ಪರಿಚಯ ಮಾತ್ರ ಆಗಿದೆ.


ಪುಟದಂಚು · ಭಾನುವಾರ ರಾತ್ರಿ 8:05

ತೆಗೆದೆ. ಎರಡು ಪೂರ್ತಿ ಮಸುಕು, ನೀಲಿ ಬಣ್ಣ ಚೆಲ್ಲಿದ ಹಾಗಿದೆ ಅಷ್ಟೆ. ಮೂರನೆಯದು ಹಕ್ಕಿ ಹಾರಿಹೋದ ಮೇಲೆ ಒತ್ತಿದ್ದು, ಬರೀ ಕೊಂಬೆ. ಅದು ಮಾತ್ರ ಸ್ಪಷ್ಟವಾಗಿದೆ. ದೊಡ್ಡದು ಮಾಡಿ ನೋಡಿದೆ. ಒಣ ತೊಗಟೆಯ ಮೇಲೆ ಒಂದು ಕಡೆ ಒದ್ದೆ ಕಲೆ ಇದೆ, ಅದರಲ್ಲಿ ಎರಡು ಮೂರು ಮೀನಿನ ಹುರುಪೆ ಅಂಟಿಕೊಂಡು ಹೊಳೆಯುತ್ತಿವೆ.